ಯಾರ ಪರೀಕ್ಷೆ ಇದು ಅಂತ ಮೊದಲು ಕೇಳು

ಐದನೇ ಕ್ಲಾಸಿನ ಹುಡುಗನಿಗೆ ಪರೀಕ್ಷೆಯ ಸಲುವಾಗಿ ಟ್ಯೂಷನ್ ಹಾಕಿಸಬೇಕಾ ಬೇಡವಾ ಅಂತ ಕೇಳಿದೆಯಲ್ಲ, ಫೋನಿನಲ್ಲಿ ನನಗೆ ಹೂಂ ಅನ್ನೋದಕ್ಕೂ ಆಗಲಿಲ್ಲ, ಬೇಡ ಅನ್ನೋದಕ್ಕೂ ಆಗಲಿಲ್ಲ. ನಿಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ‘ಈ ಸಲ ಪ್ರಶ್ನೆಪತ್ರಿಕೆ ಮೇಲಿನಿಂದ ಬರುತ್ತಂತೆ’ ಅಂತ ಯಾರೋ ಹಾಕಿದರಂತೆ. ಸಂಜೆಯೊಳಗೆ ಅಕ್ಕಪಕ್ಕದ ತಾಯಂದಿರೆಲ್ಲ ಟ್ಯೂಷನ್ ಗೊತ್ತು ಮಾಡಿಕೊಂಡರಂತೆ. ಅಳಿಯಂದಿರು ಗೈಡೂ ತಂದರಂತೆ, ಮುಂಗಡವನ್ನೂ ಕೊಟ್ಟರಂತೆ. ಇಷ್ಟೆಲ್ಲ ಆದ ಮೇಲೆ ದೊಡ್ಡಮ್ಮನ ಅಪ್ಪಣೆ ಒಂದು ಬಾಕಿ! ಇರಲಿ, ಕೇಳಿದ್ದೀಯ. ಜೀವಮಾನವೆಲ್ಲ ಸರ್ಕಾರಿ ಶಾಲೆಯಲ್ಲಿ ಸೀಮೆಸುಣ್ಣ ಹಿಡಿದವಳು ನಾನು, ಒಂದು ಮಾತಿನಲ್ಲಿ ಮುಗಿಸುವ ಅಭ್ಯಾಸ ಇಲ್ಲ. ಬರೆದೇ ಹೇಳುತ್ತೇನೆ, ಅಡಿಗೆ ಮನೆ ಕೆಲಸ ಮುಗಿಸಿಕೊಂಡು ಸಾವಕಾಶವಾಗಿ ಓದು.

ಪರೀಕ್ಷೆ ಬಂತು ಅಂದ ಕೂಡಲೇ ಮಗುವನ್ನು ತಯಾರು ಮಾಡೋದಕ್ಕೆ ಹೊರಡಬೇಡ. ಆ ಪರೀಕ್ಷೆ ಯಾರನ್ನು ಅಳೆಯಲು ಬಂದಿದೆ ಅಂತ ಮೊದಲು ವಿಚಾರಿಸು. ನಿನ್ನ ಮಗನನ್ನೋ, ಅವನ ಶಾಲೆಯನ್ನೋ, ಇಲ್ಲಾ ಇಡೀ ಜಿಲ್ಲೆಯನ್ನೋ? ತಯಾರಿ ಬೇಕೋ ಬೇಡವೋ, ಬೇಕಾದರೆ ಎಷ್ಟು ಅನ್ನೋದೆಲ್ಲ ಆ ಉತ್ತರದ ಮೇಲೆ ನಿಂತಿದೆ. ಅಚ್ಚು ಹಾಕಿದ ಪ್ರಶ್ನೆಪತ್ರಿಕೆ, ನಾಲ್ಕು ಆಯ್ಕೆ, ಬಣ್ಣ ತುಂಬುವ ಸೊನ್ನೆಗಳು. ನೋಡೋದಕ್ಕೆ ಎಲ್ಲವೂ ಒಂದೇ ಥರ. ಅದಕ್ಕೇ ಅಪ್ಪ ಅಮ್ಮಂದಿರು ಎಲ್ಲಕ್ಕೂ ಒಂದೇ ಥರ ಹೆದರುತ್ತಾರೆ.

ಶಾಲೆಯನ್ನು, ರಾಜ್ಯವನ್ನು ಅಳೆಯುವ ಪರೀಕ್ಷೆಯ ಮಾತು ಮೊದಲು. 2021ರ ನವೆಂಬರ್ 12ರಂದು ದೇಶದಾದ್ಯಂತ ರಾಷ್ಟ್ರೀಯ ಸಾಧನಾ ಸಮೀಕ್ಷೆ ಅಂತ ಒಂದು ನಡೆಯಿತು, ಮೂರು, ಐದು, ಎಂಟು, ಹತ್ತನೆಯ ತರಗತಿಗಳಿಗೆ. ಆಮೇಲೆ 2024ರ ಡಿಸೆಂಬರ್ 4ರಂದು ‘ಪರಖ್’ ಹೆಸರಿನಲ್ಲಿ ಮೂರು, ಆರು, ಒಂಬತ್ತನೆಯ ತರಗತಿಗೆ ಮತ್ತೊಂದು. ಎಲ್ಲ ಶಾಲೆಗೂ ಇದು ಬರೋದಿಲ್ಲ, ಆಯ್ದ ಶಾಲೆಗೆ ಬರುತ್ತದೆ. ಬರೆದ ಮಗುವಿಗೆ ಅಂಕಪಟ್ಟಿ ಇಲ್ಲ, ಪಾಸು ಫೇಲು ಇಲ್ಲ. ಒಂದು ಜಿಲ್ಲೆಯ ಮಕ್ಕಳು ಭಾಷೆಯಲ್ಲಿ, ಲೆಕ್ಕದಲ್ಲಿ ಎಲ್ಲಿದ್ದಾರೆ ಅಂತ ಸರ್ಕಾರ ತಿಳಿದುಕೊಳ್ಳೋದಕ್ಕೆ ಅದನ್ನು ಮಾಡೋದು. ಪರೀಕ್ಷೆ ಅಧಿಕಾರಿಗಳಿಗೆ, ಬರೆಯುವ ಕೈ ಮಾತ್ರ ಮಕ್ಕಳದು.

ಆದರೆ ಏನು ನಡೆಯಿತು ಗೊತ್ತಾ? ನಾನು ಕಂಡ ಒಂದು ಶಾಲೆಯಲ್ಲಿ ಸಮೀಕ್ಷೆಗೆ ಮುಂಚೆ ಪಾಠವೆಲ್ಲ ನಿಂತೇಹೋಯಿತು. ಬೆಳಿಗ್ಗೆ ಮಾದರಿ ಪ್ರಶ್ನೆಪತ್ರಿಕೆ, ಮಧ್ಯಾಹ್ನ ಅದರ ಉತ್ತರ, ಸಂಜೆ ಮತ್ತೊಂದು. ಮೂರನೇ ಕ್ಲಾಸಿನ ಮಕ್ಕಳು, ಎಂಟು ವರ್ಷದವು, ಮಗ್ಗಿ ಬಾರದಿದ್ದರೂ ಸೊನ್ನೆಗೆ ಬಣ್ಣ ತುಂಬೋದು ಕಲಿತವು. ನೀನು ಕೊಬ್ಬರಿ ಮಂಡಿಯ ಊರಿನಲ್ಲಿ ಹುಟ್ಟಿ ಬೆಳೆದವಳು. ತೂಕಕ್ಕೆ ಮುಂಚೆ ಕೊಬ್ಬರಿಗೆ ನೀರು ಚಿಮುಕಿಸಿದರೆ ಏನಾಗುತ್ತದೆ ಅಂತ ನಿನಗೆ ನಾನು ಹೇಳಿಕೊಡಬೇಕಾ? ಆ ಹೊತ್ತಿಗೆ ತಕ್ಕಡಿ ಒಂದಿಷ್ಟು ಬಾಗುತ್ತದೆ, ವಾರಕ್ಕೆ ಚೀಲದೊಳಗೆ ಬೂಷ್ಟು. ಹಾಗೆ ತಯಾರಾದ ಮಕ್ಕಳ ಲೆಕ್ಕ ನೋಡಿ ‘ಈ ತಾಲ್ಲೂಕು ಚೆನ್ನಾಗಿದೆ’ ಅಂತ ಬರೆದುಕೊಂಡರೆ, ನಿಜಕ್ಕೂ ಓದಲು ಬಾರದ ಮಗುವಿಗೆ ಸಿಗಬೇಕಾದ ಮೇಷ್ಟ್ರು, ಪುಸ್ತಕ ಸಿಗೋದೇ ಇಲ್ಲ. ಇಂಥ ಸಮೀಕ್ಷೆಗೆ ನಿನ್ನ ಮಗನ ಶಾಲೆ ಆಯ್ಕೆಯಾದರೆ ಮನೆಯಲ್ಲಿ ಏನೂ ಮಾಡಬೇಡ. ಹೊಟ್ಟೆ ತುಂಬ ತಿನ್ನಿಸಿ ಕಳಿಸು, ಅಷ್ಟೇ.

ಆದರೆ ನಿನ್ನನ್ನು ಹೆದರಿಸಿದ್ದು ಈ ಸಮೀಕ್ಷೆಯಲ್ಲ, ಐದು ಮತ್ತು ಎಂಟನೇ ತರಗತಿಯ ಮೌಲ್ಯಾಂಕನ. ಜನರ ಬಾಯಲ್ಲಿ ಅದು ‘ಬೋರ್ಡ್ ಎಕ್ಸಾಂ’. ಈ ಹೆಸರೇ ಅರ್ಧ ಜ್ವರ ತರಿಸುತ್ತದೆ. ನಮ್ಮ ಕಾಲದಲ್ಲಿ ಏಳನೇ ತರಗತಿಗೇ ಪಬ್ಲಿಕ್ ಪರೀಕ್ಷೆ ಇತ್ತು, ಉತ್ತರ ಕರ್ನಾಟಕದ ಕಡೆ ಮುಲ್ಕಿ ಅನ್ನುತ್ತಿದ್ದರು. ಅದರಲ್ಲಿ ನಪಾಸಾಗಿ ಸ್ಲೇಟು ಬಿಸಾಕಿ ಎಮ್ಮೆ ಹಿಂದೆ ಹೋದವರು ನಿಮ್ಮಮ್ಮನ ಜೊತೆಯವರಲ್ಲೇ ಎಷ್ಟೋ ಜನ ಇದ್ದಾರೆ, ಹೆಣ್ಣುಮಕ್ಕಳಂತೂ ಒಂದು ಸಲ ನಪಾಸಾದರೆ ಮುಗಿಯಿತು, ಮದುವೆ. ಆ ನೆನಪು ಊರಿನ ರಕ್ತದಲ್ಲಿದೆ. ಅದಕ್ಕೇ ‘ಬೋರ್ಡ್’ ಅಂದರೆ ಅಜ್ಜಿಯರೂ ದೇವರಿಗೆ ಹರಕೆ ಹೊರುತ್ತಾರೆ.

2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದಾಗ ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವಿಗೂ ಬೋರ್ಡ್ ಪರೀಕ್ಷೆ ಬೇಡ, ಯಾರನ್ನೂ ಅದೇ ತರಗತಿಯಲ್ಲಿ ಕೂರಿಸಬೇಡಿ ಅಂತಾಯಿತು. ಅದರ ಬದಲಿಗೆ ವರ್ಷವಿಡೀ ಮಗುವನ್ನು ನೋಡುತ್ತಾ ಅಳೆಯಿರಿ ಅಂದರು. ಅದು ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಾಂಕನಗಳ ಕಡತವಾಯಿತು. ಆ ಕಡತಗಳನ್ನು ತುಂಬಿಸುತ್ತಾ ಮಕ್ಕಳ ಮುಖ ನೋಡೋದಕ್ಕೇ ಸಮಯವಿರಲಿಲ್ಲ ಅಂತ ನನ್ನ ಜೊತೆಯ ಮೇಷ್ಟ್ರುಗಳು ಗೊಣಗುತ್ತಿದ್ದದ್ದು ಸುಳ್ಳಲ್ಲ. 2019ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು: ಐದು ಮತ್ತು ಎಂಟರ ಕೊನೆಗೆ ಪರೀಕ್ಷೆ ಇರಲಿ, ಆಗದವರಿಗೆ ಹೆಚ್ಚಿನ ಪಾಠ ಹೇಳಿ ಎರಡು ತಿಂಗಳಲ್ಲಿ ಇನ್ನೊಂದು ಅವಕಾಶ ಕೊಡಿ, ಆಮೇಲೂ ಆಗದಿದ್ದರೆ ಕೂರಿಸೋದೋ ಬಿಡೋದೋ ಸರ್ಕಾರಗಳಿಗೆ ಬಿಟ್ಟದ್ದು ಅಂತ.

ನಮ್ಮ ರಾಜ್ಯದಲ್ಲಿ ಆಮೇಲೆ ನಡೆದದ್ದನ್ನು ಪತ್ರಿಕೆಯಲ್ಲಿ ಓದಿರುತ್ತೀಯ, ಆದರೆ ಐದನೇ ಕ್ಲಾಸಿನ ಮಗುವಿನ ಕಣ್ಣಿಂದ ಒಮ್ಮೆ ನೋಡು. 2023ರ ಮಾರ್ಚಿನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಪರೀಕ್ಷೆ ಬೇಡ ಅಂದಿತು, ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟಿತು, ತಿಂಗಳ ಕೊನೆಗೆ ಪರೀಕ್ಷೆ ನಡೆಯಿತು. ಯಾರನ್ನೂ ನಪಾಸು ಮಾಡೋದಿಲ್ಲ ಅಂತ ಸರ್ಕಾರವೇ ಹೇಳಿತ್ತು. 2024ರಲ್ಲಿ ಇನ್ನೂ ಚಂದ. ಮಾರ್ಚ್ 11ರಂದು ಪರೀಕ್ಷೆ ಶುರುವಾಯಿತು. ಮರುದಿನ ಸುಪ್ರೀಂ ಕೋರ್ಟ್ ನಿಲ್ಲಿಸಿತು. 22ಕ್ಕೆ ಹೈಕೋರ್ಟ್ ಮತ್ತೆ ಸರಿ ಅಂದಿತು, 25ರಿಂದ ಉಳಿದ ವಿಷಯಗಳನ್ನು ಬರೆಸಿದರು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟ್ ಫಲಿತಾಂಶವನ್ನೇ ತಡೆಹಿಡಿಯಿತು. ಜನವರಿಯಿಂದ ಟಿವಿ ಬಂದ್, ಆಟ ಬಂದ್, ಊರಿನ ಜಾತ್ರೆಗೂ ಹೋಗದೆ ಗೈಡ್ ಉರು ಹೊಡೆದ ಹತ್ತು ವರ್ಷದ ಹುಡುಗ ಕೊನೆಗೆ ಏನು ತಿಳಿದುಕೊಂಡಿರಬೇಕು ಹೇಳು? ಯಾವ ನ್ಯಾಯಪೀಠ ಸರಿ ಯಾವುದು ತಪ್ಪು ಅನ್ನೋದು ನನ್ನ ನಿನ್ನ ಅಳವಿಗೆ ಮೀರಿದ್ದು. ಆದರೆ ದೊಡ್ಡವರಿಗೇ ಇತ್ಯರ್ಥವಾಗದ ಪರೀಕ್ಷೆಯ ಮೇಲೆ ಮಗುವಿನ ಒಂದು ವರ್ಷದ ನೆಮ್ಮದಿಯನ್ನು ಒತ್ತೆ ಇಡಬೇಡ ಅಂತ ಮಾತ್ರ ಹೇಳಬಲ್ಲೆ.

ಹಾಗಂತ ಐದನೇ ಕ್ಲಾಸಿನ ಪರೀಕ್ಷೆಗೆ ನಾನು ವಿರೋಧ ಅಂದುಕೊಳ್ಳಬೇಡ. ಯಾರನ್ನೂ ನಪಾಸು ಮಾಡಬಾರದು ಅನ್ನೋದನ್ನೇ ಏನನ್ನೂ ಕಲಿಸಬೇಕಿಲ್ಲ ಅಂತ ಓದಿಕೊಂಡ ಮೇಷ್ಟ್ರುಗಳನ್ನೂ ಕಂಡಿದ್ದೇನೆ. ಎಂಟನೇ ತರಗತಿಗೆ ಬಂದು ತನ್ನ ಹೆಸರಿನಲ್ಲಿ ಒತ್ತಕ್ಷರ ಎಲ್ಲಿ ಬರುತ್ತದೆ ಅಂತ ಗೊತ್ತಿಲ್ಲದ ಹುಡುಗಿ ನನ್ನೆದುರು ನಿಂತಿದ್ದಾಳೆ. ಅಂಥವಳನ್ನು ಐದರಲ್ಲೇ ಯಾರಾದರೂ ಅಳೆದು ‘ಇವಳಿಗೆ ಓದಲು ಬರುತ್ತಿಲ್ಲ’ ಅಂತ ಅಪ್ಪನಿಗೆ ಹೇಳಿದ್ದರೆ ಮೂರು ವರ್ಷ ಉಳಿಯುತ್ತಿತ್ತು. ಈ ಪರೀಕ್ಷೆಯಿಂದ ನಿನಗೆ ಸಿಗಬೇಕಾದದ್ದು ಆ ಸುದ್ದಿ. ಗೈಡಿನ ಉತ್ತರ ಬಾಯಿಪಾಠ ಮಾಡಿಸಿ ಕಳಿಸಿದರೆ ಆ ಸುದ್ದಿಯನ್ನೇ ನೀನು ಮುಚ್ಚಿಹಾಕಿದ ಹಾಗೆ. ಅಂಕ ಬರುತ್ತದೆ, ನೀನು ಗ್ರೂಪಿನಲ್ಲಿ ಹಾಕುತ್ತೀಯ, ಎಲ್ಲರೂ ಕೈಮುಗಿದ ಚಿತ್ರ ಕಳಿಸುತ್ತಾರೆ, ಹುಡುಗನ ತೊಡಕು ಆರನೇ ತರಗತಿಗೆ ಅವನ ಹಿಂದೆಯೇ ಹೋಗುತ್ತದೆ.

ಅದಕ್ಕೆ ಪರೀಕ್ಷೆಗಿಂತ ಮುಂಚೆ ನೀನೇ ಮನೆಯಲ್ಲಿ ಒಂದು ಸಣ್ಣ ಅಳತೆ ಮಾಡು. ನನ್ನ ಸ್ವಂತದ್ದಲ್ಲ ಇದು. ‘ಪ್ರಥಮ್’ ಅನ್ನುವ ಸಂಸ್ಥೆಯವರು 2005ರಿಂದ ‘ಅಸರ್’ ಅಂತ ಸಮೀಕ್ಷೆ ಮಾಡುತ್ತಾ ಬಂದಿದ್ದಾರೆ. ಶಾಲೆಗೆ ಹೋಗದೆ, ಹಳ್ಳಿಯ ಮನೆ ಮನೆಗೆ ಹೋಗಿ, ಜಗುಲಿಯ ಮೇಲೆ ಮಗುವಿನ ಪಕ್ಕ ಕೂತು ಓದಿಸುತ್ತಾರೆ. ಅಕ್ಷರ, ಪದ, ಒಂದನೇ ತರಗತಿಯ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿಯ ಮಟ್ಟದ ಒಂದು ಪುಟ್ಟ ಕಥೆ. ಲೆಕ್ಕದಲ್ಲಿ ಅಂಕಿ ಗುರುತಿಸೋದು, ಎರಡಂಕಿಯ ಕಳೆಯುವ ಲೆಕ್ಕ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸೋದು. ಇಷ್ಟೇ. ಎಷ್ಟು ಸಣ್ಣದು ಅನ್ನಿಸುತ್ತದೆ ಅಲ್ವಾ? ಐದನೇ ತರಗತಿಯ ಮಕ್ಕಳಲ್ಲಿ ಇದರಲ್ಲೇ ಎಡವುವವರು ಬೇಕಾದಷ್ಟಿದ್ದಾರೆ.

ಭಾನುವಾರ ಬೆಳಿಗ್ಗೆ ಹುಡುಗ ಖುಷಿಯಾಗಿರುವಾಗ ಎರಡನೇ ತರಗತಿಯ ಕನ್ನಡ ಪುಸ್ತಕದಿಂದ ಅವನು ಮರೆತುಹೋಗಿರುವ ಒಂದು ಪುಟ ಓದಿಸು. ಬೆರಳಿಟ್ಟು ಅಕ್ಷರ ಕೂಡಿಸುತ್ತಾನೋ, ಮಾತಾಡಿದ ಹಾಗೆ ಓದುತ್ತಾನೋ ಕೇಳಿಸಿಕೋ. ಓದಿದ್ದನ್ನು ಪುಸ್ತಕ ಮುಚ್ಚಿ ತನ್ನ ಮಾತಿನಲ್ಲಿ ಹೇಳಲಿ. ಆಮೇಲೆ 52ರಲ್ಲಿ 27 ಕಳೆಯಲು ಹೇಳು. 25 ಬರೆದರೆ ಸರಿ. 35 ಬರೆದರೆ ಬೈಯಬೇಡ, ಅವನು ಏನು ಮಾಡಿದ ನೋಡು: ಬಿಡಿ ಸ್ಥಾನದಲ್ಲಿ 2ರಿಂದ 7 ಕಳೆಯೋದು ಆಗದ್ದಕ್ಕೆ ತಲೆಕೆಳಗು ಮಾಡಿ 7ರಿಂದ 2 ಕಳೆದಿದ್ದಾನೆ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಅಂತ ಒಂದನೇ ಕ್ಲಾಸಿನಲ್ಲಿ ಯಾರೋ ಹೇಳಿಕೊಟ್ಟ ಮಾತನ್ನು ನಿಯತ್ತಾಗಿ ಪಾಲಿಸಿದ್ದಾನೆ ಪಾಪ! ಇಂಥ ಹುಡುಗನಿಗೆ ಟ್ಯೂಷನ್ನಿನಲ್ಲಿ ಇನ್ನೂ ಐವತ್ತು ಲೆಕ್ಕ ಕೊಡುತ್ತಾರೆ, ಐವತ್ತನ್ನೂ ಅವನು ಅದೇ ತಪ್ಪಿನಲ್ಲಿ ಮಾಡುತ್ತಾನೆ. ತೆಂಗಿನ ಗರಿಯ ಕಡ್ಡಿಗಳನ್ನು ಹತ್ತು ಹತ್ತಾಗಿ ಕಟ್ಟು ಕಟ್ಟಿ ಐದು ಕಟ್ಟು, ಎರಡು ಬಿಡಿ ಕಡ್ಡಿ ಅವನ ಮುಂದಿಡು. ಇಪ್ಪತ್ತೇಳು ಕಡ್ಡಿ ನನಗೆ ಕೊಡು ಅಂತ ಕೇಳು. ಒಂದು ಕಟ್ಟು ಬಿಚ್ಚದೆ ಕೊಡೋದಕ್ಕಾಗೋದಿಲ್ಲ ಅಂತ ಅವನ ಕೈಗೇ ಗೊತ್ತಾಗಲಿ. ನಾಲ್ಕು ದಿನ ಸಂಜೆ ಹೀಗೆ ಮಾಡಿದರೆ ಸಾಕು. ಇದೂ ತಯಾರಿಯೇ ಕಣೇ, ಇದನ್ನು ಮಾಡಿಸು ಅಂತ ನಾನು ಹೇಳುತ್ತಿರೋದು.

ಓದುವುದರ ಮೇಲೆ ನಾನು ಇಷ್ಟು ಜೋರು ಮಾಡೋದಕ್ಕೆ ಕಾರಣ ಇದೆ. ಲೆಕ್ಕದಲ್ಲಿ ಕಡಿಮೆ ಬಂತು ಅಂತ ತಾಯಂದಿರು ಬಂದು ಅಳುತ್ತಿದ್ದರು. ಉತ್ತರಪತ್ರಿಕೆ ತೆಗೆದು ನೋಡಿದರೆ ಎಷ್ಟೋ ಸಲ ಹುಡುಗ ಲೆಕ್ಕದಲ್ಲಿ ಸೋತಿರುತ್ತಿರಲಿಲ್ಲ, ವಾಕ್ಯದಲ್ಲಿ ಸೋತಿರುತ್ತಿದ್ದ. ‘ರೈತನ ಬಳಿ ಇದ್ದ 360 ತೆಂಗಿನಕಾಯಿಗಳಲ್ಲಿ ಕಾಲುಭಾಗ ಮಾರಿ, ಉಳಿದದ್ದನ್ನು ಐದು ಚೀಲಕ್ಕೆ ಸಮನಾಗಿ ತುಂಬಿದರೆ’ ಅಂತ ಓದುವಷ್ಟರಲ್ಲಿ ಅವನಿಗೆ ಮೊದಲ ಅರ್ಧ ಮರೆತುಹೋಗಿರುತ್ತಿತ್ತು. ಇದು ನನ್ನ ಶಾಲೆಯದಷ್ಟೇ ಕಥೆಯಲ್ಲ. ಹದಿನೈದು ವರ್ಷದ ಮಕ್ಕಳಿಗಾಗಿ ನಡೆಯುವ ‘ಪೀಸಾ’ ಅನ್ನುವ ಅಂತರರಾಷ್ಟ್ರೀಯ ಪರೀಕ್ಷೆಯ 2009ರ ಸುತ್ತಿನಲ್ಲಿ ನಮ್ಮ ದೇಶದಿಂದ ತಮಿಳುನಾಡು, ಹಿಮಾಚಲ ಪ್ರದೇಶ ಭಾಗವಹಿಸಿದ್ದವು. ಎಪ್ಪತ್ತಕ್ಕೂ ಹೆಚ್ಚು ಪ್ರದೇಶಗಳಲ್ಲಿ ಎರಡೂ ಕೊನೆಯ ಸಾಲಿನಲ್ಲಿ ನಿಂತವು. ಶಾಲಾ ಶಿಕ್ಷಣದಲ್ಲಿ ಹೆಸರು ಮಾಡಿದ ರಾಜ್ಯಗಳೇ ಅವು. ಪಾಠದಲ್ಲಿ ಇಲ್ಲದ ಒಂದು ನೋಟೀಸು, ಒಂದು ನಕ್ಷೆ, ಒಂದು ಪಟ್ಟಿ ಕೊಟ್ಟು ಇದರಿಂದ ಏನು ತಿಳಿಯಿತು ಹೇಳು ಅಂದರೆ ಹೇಳುವ ಅಭ್ಯಾಸವನ್ನು ನಾವು ಮಕ್ಕಳಿಗೆ ಮಾಡಿಸಿಯೇ ಇಲ್ಲ. ದೇಶ ಆಮೇಲೆ ಆ ಪರೀಕ್ಷೆಯ ಸಹವಾಸವನ್ನೇ ಬಿಟ್ಟಿತು. ನಮಗೆ ಬೇಸರ ತಂದ ಕನ್ನಡಿ ಮನೆಯಲ್ಲಿರೋದಿಲ್ಲ ನೋಡು.

ನನ್ನ ಶಾಲೆಗೆ ಬರುತ್ತಿದ್ದ ಮಕ್ಕಳಲ್ಲಿ ಬಹುಪಾಲಿನವರ ಅಪ್ಪ ಅಮ್ಮಂದಿರಿಗೆ ಓದು ಬರುತ್ತಿರಲಿಲ್ಲ, ಬಂದರೂ ಕೂತು ಹೇಳಿಕೊಡಲು ಪುರಸೊತ್ತಿರಲಿಲ್ಲ. ಆದರೂ ಅವರಲ್ಲಿ ಕೆಲವರು ಓದಿದವರಿಗಿಂತ ಚೆನ್ನಾಗಿ ಮಕ್ಕಳನ್ನು ತಯಾರು ಮಾಡಿದರು. ಒಬ್ಬ ತಾಯಿ ಮನೆಗೆ ಬಂದ ಕರೆಂಟ್ ಬಿಲ್ಲನ್ನು ಮಗಳಿಂದ ಓದಿಸುತ್ತಿದ್ದಳು: ಹೋದ ತಿಂಗಳು ಎಷ್ಟು ಯೂನಿಟ್, ಈ ತಿಂಗಳು ಎಷ್ಟು, ಯಾಕೆ ಜಾಸ್ತಿ. ಒಬ್ಬಾತ ಮಂಡಿಯಿಂದ ತಂದ ಚೀಟಿಯನ್ನು ಮಗನ ಕೈಗೆ ಕೊಟ್ಟು, ತೂಕ ಎಷ್ಟು ಹಿಡಿದಿದ್ದಾರೆ, ಹಮಾಲಿ ಎಷ್ಟು ಕಳೆದಿದ್ದಾರೆ, ನಮಗೆ ಮೋಸವಾಗಿದೆಯಾ ನೋಡಪ್ಪ ಅನ್ನುತ್ತಿದ್ದ. ಆ ಹುಡುಗನಿಗೆ ಲೆಕ್ಕ ತಪ್ಪಬಾರದು ಅನ್ನೋದಕ್ಕೆ ಕಾರಣವಿತ್ತು. ಅಳಿಯಂದಿರ ಅಂಗಡಿಯಲ್ಲಿ ದಿನಾ ಬಿಲ್ ಪುಸ್ತಕ ಇರುತ್ತದಲ್ಲ, ಅದಕ್ಕಿಂತ ಒಳ್ಳೆ ಗೈಡು ಬೇಕಾ?

ಮಗುವಿನ ಮುಂದೆ ಬಾಗಿಲು ತೆರೆಯುವ ಪರೀಕ್ಷೆಗಳೂ ಇವೆ. ಅಲ್ಲಿ ನನ್ನ ಮಾತು ಬೇರೆಯೇ.

ನವೋದಯ ಶಾಲೆಯ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಐದರಲ್ಲಿರುವಾಗ ಬರೆಯಬೇಕು. ಒಂದು ಶಾಲೆಗೆ ಹೆಚ್ಚೆಂದರೆ 80 ಮಕ್ಕಳು, ಅದರಲ್ಲಿ ಮುಕ್ಕಾಲು ಪಾಲು ಹಳ್ಳಿಯವರಿಗೆ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅರ್ಧದಷ್ಟು ಅಂಕ ಮಾನಸಿಕ ಸಾಮರ್ಥ್ಯಕ್ಕೆ, ಅಂದರೆ ಚಿತ್ರಗಳನ್ನು ನೋಡಿ ಹೊಂದದ್ದು ಯಾವುದು, ಮುಂದಿನದು ಯಾವುದು ಅನ್ನುವಂಥ ನಲವತ್ತು ಪ್ರಶ್ನೆ. ಉಳಿದರ್ಧದಲ್ಲಿ ಲೆಕ್ಕ ಮತ್ತು ಭಾಷೆ. ಕನ್ನಡದಲ್ಲೇ ಬರೆಯಬಹುದು. ಮುಖ್ಯ ಮಾತು, ಒಂದು ಮಗು ಜೀವಮಾನದಲ್ಲಿ ಒಂದೇ ಸಲ ಬರೆಯಬಹುದು. ಆ ಚಿತ್ರದ ಪ್ರಶ್ನೆಗಳನ್ನು ನಿಮ್ಮ ಶಾಲೆಯ ಯಾವ ಪಾಠದಲ್ಲೂ ಹೇಳಿಕೊಡೋದಿಲ್ಲ. ಪರೀಕ್ಷೆಯ ದಿನವೇ ಮೊದಲ ಸಲ ನೋಡಿದ ಜಾಣ ಹುಡುಗ ಕಕ್ಕಾಬಿಕ್ಕಿಯಾಗುತ್ತಾನೆ, ಅವನಷ್ಟೇನೂ ಜಾಣನಲ್ಲದ, ಆದರೆ ಮೊದಲೇ ನೋಡಿಕೊಂಡ ಹುಡುಗ ಬರೆದು ಬರುತ್ತಾನೆ. ಇಲ್ಲಿ ‘ಸಹಜವಾಗಿ ಬರಲಿ’ ಅಂತ ಕೈಕಟ್ಟಿ ಕೂತರೆ ಅದು ಆದರ್ಶವಲ್ಲ, ಸೋಮಾರಿತನ. ಹಳೆಯ ಪ್ರಶ್ನೆಪತ್ರಿಕೆ ತರಿಸು, ದಿನಕ್ಕೆ ಅರ್ಧ ಗಂಟೆ ಕೂರಿಸು. ಅಷ್ಟಕ್ಕೂ ಆ ಚಿತ್ರದ ಒಗಟುಗಳು ಮಕ್ಕಳಿಗೆ ಇಷ್ಟವೇ.

ಆದರೆ ಇದರಲ್ಲೂ ಅತಿ ಬೇಡ. ವಿಜಯಪುರ, ಬಾಗಲಕೋಟೆ ಕಡೆ ಹೋದರೆ ನವೋದಯ, ಸೈನಿಕ, ಮೊರಾರ್ಜಿ ಶಾಲೆಗಳಿಗೆ ಅಂತ ಕೋಚಿಂಗ್ ಬೋರ್ಡುಗಳು ಕಾಣುತ್ತವೆ. ನಾಲ್ಕನೇ ತರಗತಿಯ ಮಕ್ಕಳನ್ನೇ ಹಾಸ್ಟೆಲಿನಲ್ಲಿ ಬಿಟ್ಟು ಬರುವವರಿದ್ದಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಮಳೆ ನಂಬಿದ ಎರಡೆಕರೆ, ಬಡತನದಿಂದ ಹೊರಬರಲು ಕಾಣೋದು ಅದೊಂದೇ ದಾರಿ, ಉಚಿತ ಊಟ ವಸತಿ, ಒಳ್ಳೆ ಪಾಠ. ಅವರನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ನಿನಗೆ ಆ ಒತ್ತಡ ಇಲ್ಲ, ಹುಡುಗ ಹೋಗದಿದ್ದರೂ ಊರಿನಲ್ಲೇ ಹೈಸ್ಕೂಲಿದೆ. ನೋಡಿಕೊಂಡು ಬರೆಯಲಿ, ಸಿಕ್ಕರೆ ಹೋಗಲಿ. ಹೋಗುವ ಮನಸ್ಸು ಅವನಿಗಿದೆಯಾ ಅಂತ ಒಂದು ಸಲ ಕೇಳಿದ್ದೀಯಾ? ಅಮ್ಮನ ಮಗ್ಗುಲು ಬಿಟ್ಟು ಮಲಗದ ಹುಡುಗ ಅವನು.

ನಿನ್ನ ದೊಡ್ಡ ಮಗಳ ವಿಷಯ ನೀನು ಕೇಳಲೇ ಇಲ್ಲ, ಆದರೆ ನಾನು ಹೇಳಬೇಕಾದದ್ದು ಅವಳದ್ದೇ ಹೆಚ್ಚು. ಎಂಟನೇ ಕ್ಲಾಸು, ಸರ್ಕಾರಿ ಶಾಲೆ. ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನ ಪರೀಕ್ಷೆಗೆ ಅರ್ಜಿ ಹಾಕಿದ್ದೀರಾ? ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷದ ಒಳಗಿದ್ದು, ಸರ್ಕಾರಿ ಇಲ್ಲವೇ ಅನುದಾನಿತ ಶಾಲೆಯಲ್ಲಿ ಓದುವ ಮಕ್ಕಳಿಗೆ ಅದು. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಅವಳ ಬ್ಯಾಂಕ್ ಖಾತೆಗೇ ಬರುತ್ತದೆ. ನಾಲ್ಕು ವರ್ಷಕ್ಕೆ 48,000. ನೀವು ಈಗ ಐದನೇ ಕ್ಲಾಸಿನ ಟ್ಯೂಷನ್ನಿಗೆ ಸುರಿಯಲು ಹೊರಟಿರುವ ದುಡ್ಡನ್ನು ಅವಳು ದುಡಿದು ತರಬಲ್ಲಳು! ಹುಡುಗನಿಗೆ ಗೈಡು ಟ್ಯೂಷನ್ನು ಎಲ್ಲ ಬಂತು, ಹುಡುಗಿಯ ಪರೀಕ್ಷೆಯ ಹೆಸರೂ ನಿನಗೆ ನೆನಪಾಗಲಿಲ್ಲ. ನಿನ್ನನ್ನು ನೋಯಿಸೋದಕ್ಕೆ ಹೇಳುತ್ತಿಲ್ಲ. ನಮ್ಮ ಮನೆಗಳಲ್ಲಿ ಇದು ಯಾರೂ ಗಮನಿಸದ ಹಾಗೆ ನಡೆದುಬಿಡುತ್ತದೆ, ನಮ್ಮಮ್ಮನೂ ಹಾಗೇ ಮಾಡಿದಳು.

ಆ ಪರೀಕ್ಷೆಯಲ್ಲಿ ಎರಡು ಪತ್ರಿಕೆ, ಒಂದು ಬುದ್ಧಿಶಕ್ತಿಯದು, ಒಂದು ಪಾಠಗಳದು. ಒಂದೊಂದರಲ್ಲೂ 90 ಪ್ರಶ್ನೆ, 90 ನಿಮಿಷ. ಒಂದು ಪ್ರಶ್ನೆಗೆ ಒಂದು ನಿಮಿಷ. ನಮ್ಮ ಮಕ್ಕಳು ಸೋಲೋದು ಇಲ್ಲೇ. ಹೊತ್ತು ನೋಡಿಕೊಂಡು ಬರೆಯೋದು, ಸಿಕ್ಕಿಕೊಂಡ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗೋದು, ಇವೆಲ್ಲ ಬುದ್ಧಿಯ ಮಾತಲ್ಲ, ರೂಢಿಯ ಮಾತು. ಸೊನ್ನೆ ತುಂಬುವ ಓಎಂಆರ್ ಹಾಳೆಯದಂತೂ ಬೇರೆಯೇ ಕಥೆ. ಹದಿನಾಲ್ಕನೇ ಪ್ರಶ್ನೆ ಬಿಟ್ಟು ಹದಿನೈದಕ್ಕೆ ಹೋದ ಹುಡುಗಿ ಹದಿನೈದರ ಉತ್ತರವನ್ನು ಹದಿನಾಲ್ಕರ ಸಾಲಿನಲ್ಲಿ ತುಂಬುತ್ತಾಳೆ. ಅಲ್ಲಿಂದ ಕೊನೆಯವರೆಗೆ ಎಲ್ಲವೂ ಒಂದೊಂದು ಸಾಲು ಮೇಲೆ. ಗೊತ್ತಿದ್ದದ್ದೆಲ್ಲ ತಪ್ಪಾಗಿ ಬರುತ್ತದೆ. ಅದಕ್ಕೆ ಹಾಳೆಯ ನಕಲು ಮಾಡಿಸಿ ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಮೂರು ನಾಲ್ಕು ಸಲ ಬರೆಸು. ಬಿಟ್ಟ ಪ್ರಶ್ನೆಯ ಸಂಖ್ಯೆಗೆ ಪ್ರಶ್ನೆಪತ್ರಿಕೆಯಲ್ಲೇ ಗುರುತು ಹಾಕಿಕೊಳ್ಳಲಿ. ‘ಸರಿಯಲ್ಲದ ಹೇಳಿಕೆ ಯಾವುದು’, ‘ಗುಂಪಿಗೆ ಸೇರದ್ದು ಯಾವುದು’ ಅಂತ ಕೇಳಿದ ಕಡೆ ಆ ಪದದ ಕೆಳಗೆ ಗೆರೆ ಎಳೆಯುವ ಅಭ್ಯಾಸ ಮಾಡಿಸು. ಅವಸರದಲ್ಲಿ ಮಕ್ಕಳು ‘ಅಲ್ಲ’ವನ್ನು ನುಂಗಿಬಿಡುತ್ತಾರೆ. ತಪ್ಪು ಉತ್ತರಕ್ಕೆ ಅಂಕ ಕಳೆಯೋದಿಲ್ಲ ಇದರಲ್ಲಿ, ನವೋದಯದಲ್ಲೂ ಇಲ್ಲ. ಹಾಗಾಗಿ ಯಾವ ಸಾಲೂ ಖಾಲಿ ಇರಬಾರದು. ಇದರಲ್ಲಿ ಮೋಸವೇನೂ ಇಲ್ಲ, ಇದು ಆಟದ ನಿಯಮ, ಪೇಟೆಯ ಮಕ್ಕಳಿಗೆ ಮೊದಲೇ ಗೊತ್ತಿರುತ್ತದೆ.

ಹುಡುಗನಿಗೂ ಈ ರೂಢಿಯ ಭಾಗ ಒಂದಿಷ್ಟು ಬೇಕು, ಇಲ್ಲ ಅನ್ನೋದಿಲ್ಲ. ಅವನು ಮೂರನೇ ತರಗತಿಯವರೆಗೆ ನಲಿಕಲಿಯಲ್ಲಿ ಓದಿದವನು. ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ 1990ರ ದಶಕದಲ್ಲಿ ಶುರುವಾದ ಆ ಪದ್ಧತಿಯಲ್ಲಿ ಮಗು ಕಾರ್ಡು ಹಿಡಿದು ತನ್ನ ಏಣಿಯನ್ನು ತಾನೇ ಹತ್ತುತ್ತದೆ, ಅಳತೆ ಮಾಡಿದ್ದೂ ಅದಕ್ಕೆ ಗೊತ್ತಾಗೋದಿಲ್ಲ. ಅಲ್ಲಿಂದ ಬಂದ ಮಗುವಿಗೆ ಗಂಟೆಗಟ್ಟಲೆ ಪಕ್ಕದವನ ಜೊತೆ ಮಾತಾಡದೆ ಕೂತು ಅಚ್ಚಿನ ಪತ್ರಿಕೆಗೆ ಉತ್ತರ ಬರೆಯೋದು ಹೊಸದು. ಒಂದೆರಡು ಮಾದರಿ ಪತ್ರಿಕೆ ಬರೆದು ನೋಡಲಿ, ಭಯ ಹೋಗುತ್ತದೆ. ಬರೆದ ಮೇಲೆ ‘ಎಷ್ಟು ಬಂತು’ ಅಂತ ಕೇಳಬೇಡ, ‘ಯಾವುದು ತಲೆ ತಿಂತು’ ಅಂತ ಕೇಳು. ಎರಡಕ್ಕಿಂತ ಹೆಚ್ಚು ಪತ್ರಿಕೆ ಬೇಡ. ಪರೀಕ್ಷೆಯ ದಿನ ಬೆಳಿಗ್ಗೆ ವಾಂತಿ ಮಾಡಿಕೊಳ್ಳುವ ಮಕ್ಕಳನ್ನು ನಾನು ಪ್ರತಿ ವರ್ಷ ಕಂಡಿದ್ದೇನೆ. ಓದದ ಹುಡುಗರಿಗೆ ಹಾಗಾಗುತ್ತಿರಲಿಲ್ಲ. ಮನೆಯವರೆಲ್ಲ ಸೇರಿ ಓದಿಸಿದ ಮಕ್ಕಳಿಗೇ ಆಗುತ್ತಿತ್ತು.

ಎಸ್‌ಎಸ್‌ಎಲ್‌ಸಿಯ ಬಗ್ಗೆ ಒಂದು ಮಾತು, ಯಾಕೆಂದರೆ ದೊಡ್ಡವಳಿಗೆ ಇನ್ನೆರಡು ವರ್ಷಕ್ಕೆ ಅದು. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು, ಕೃಪಾಂಕವನ್ನು ಧಾರಾಳವಾಗಿ ಏರಿಸಿದ ಮೇಲೂ ಶೇ 73.40ಕ್ಕೆ ಬಂತು. ಆ ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರಾ? ಪರೀಕ್ಷೆಯ ಹೊತ್ತಿಗೆ ಹೇಗೋ ಆಗುತ್ತದೆ ಅಂತ ನಂಬಿಸಿ, ಪಾಸಾಗುವಷ್ಟೇ ಪ್ರಶ್ನೋತ್ತರದ ‘ಪಾಸಿಂಗ್ ಪ್ಯಾಕೇಜ್’ ಕೈಗಿಟ್ಟು ಕಳಿಸಿದ್ದೆವು ಅವರನ್ನು, ಕ್ಯಾಮೆರಾ ಬಂದಾಗ ಆ ನಂಬಿಕೆ ಕೈಕೊಟ್ಟಿತು. ಅವಳಿಗೆ ಎಂಟು, ಒಂಬತ್ತರಲ್ಲೇ ಬೀಜಗಣಿತ, ಇಂಗ್ಲಿಷ್ ಎರಡೂ ಗಟ್ಟಿಯಾಗಬೇಕು. ಹತ್ತರಲ್ಲಿ ಓಡಾಡಿ ಪ್ರಯೋಜನವಿಲ್ಲ. ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಇದೆ, ಅದನ್ನು ಅವಳಿಗೆ ಈಗಲೇ ಹೇಳಿಡು. ಗೊತ್ತಿದ್ದರೆ ಧೈರ್ಯವಾಗಿ ಓದುತ್ತಾಳೆ.

ಇನ್ನು ಟ್ಯೂಷನ್ನಿನ ಮುಂಗಡ. ವಾಪಸ್ ಕೊಡುತ್ತಾರಾ ಅಂತ ಅಳಿಯಂದಿರು ಒಂದು ಸಲ ಕೇಳಲಿ. ಕೊಡದಿದ್ದರೆ ಜಗಳ ಮಾಡಬೇಡಿ, ಆ ಜಾಗಕ್ಕೆ ದೊಡ್ಡವಳನ್ನು ಕಳಿಸಿ, ಗಣಿತಕ್ಕೆ. ಅವರು ಎಂಟನೇ ತರಗತಿಯವರಿಗೂ ಹೇಳಿಕೊಡುತ್ತಾರೆ ಅಂತ ನೀನೇ ಅಂದಿದ್ದೆ. ಹುಡುಗನನ್ನು ರಜೆಗೆ ನನ್ನ ಹತ್ತಿರ ಬಿಡು, ಎರಡನೇ ತರಗತಿಯ ಪುಸ್ತಕ ಇಲ್ಲೇ ಇದೆ, ಕಡ್ಡಿಯೂ ಇದೆ. ಗೈಡು ತರಬೇಡ.